ಫುಟ್‌ಬೋರ್ಡಿನಲ್ಲಿ ರಾಗಿ

ಸಂಜೆ ಆರೂ ಇಪ್ಪತ್ತು. ಮಡಿಕೇರಿಯ ಕೊನೆ ಟ್ರಿಪ್ಪನ್ನು
ಕುಶಾಲನಗರದಲ್ಲಿ ಇಳಿಸಿ, ಲೆಕ್ಕ ಕಟ್ಟಿ,
ಬ್ಯಾಗಿನ ಪಟ್ಟಿ ಕೊರೆದ ಭುಜ ಇನ್ನೂ ತುರಿಸುತ್ತಿರುವಾಗ
ಸೈದಾಲಿ ಕಾಕನ ಅಂಗಡಿಯೆದುರು ನಿಲ್ಲುತ್ತೇನೆ.

ಕೂಡ್ಲೂರಿನ ಕಾಫಿ ವರ್ಕ್ಸಿನಲ್ಲಿ ಜತ್ತಪ್ಪನಿಗೆ ರಾತ್ರಿ ಪಾಳಿ.
ಅವನು ಐದಕ್ಕೆ ಹೊರಡುತ್ತಾನೆ, ನಾನು ಏಳಕ್ಕೆ ಮುಟ್ಟುತ್ತೇನೆ.
ನಡುವೆ ಎರಡು ಗಂಟೆ, ಎರಡು ಮಕ್ಕಳು, ಒಂದು ಒಲೆ.
ಅದನ್ನು ಹಚ್ಚಬೇಡಿ ಎಂದಿದ್ದೂ ನಾನೇ.
ಹಾಗಾಗಿ ಪ್ಯಾಕೆಟ್ಟು. ಅದರಲ್ಲಿ ನಾಚಿಕೆಯೇನು?

ಮೊದಲೆಲ್ಲ ಹಿಂದೆಮುಂದೆ ನೋಡದೆ ಎತ್ತಿಕೊಳ್ಳುತ್ತಿದ್ದೆ.
ಈಗ ಹಿಂದೆ ಮಾತ್ರ ನೋಡುತ್ತೇನೆ.

ಮುಂದಿರುವುದು ಬೋರ್ಡು:
ಹೊಲ, ತೆನೆ, ಮೂಡುವ ಸೂರ್ಯ, ದಪ್ಪಕ್ಷರದಲ್ಲಿ ‘ರಾಗಿ’.
ಬೋರ್ಡು ನಂಬಿ ಹತ್ತಿದವರನ್ನು ಹದಿನಾಲ್ಕು ವರ್ಷ ಕಂಡಿದ್ದೇನೆ,
ಸೋಮವಾರಪೇಟೆ ಎಂದುಕೊಂಡು ಕೂತು
ಸುಂಟಿಕೊಪ್ಪ ದಾಟಿದ ಮೇಲೆ ಕೂಗಿಕೊಳ್ಳುವವರನ್ನು.

ಹಿಂದಿರುವುದು ಸೀಟು.
ಯಾರು ಹೆಚ್ಚೋ ಅವರಿಗೆ ಮೊದಲ ಸಾಲು, ಅದು ಕಾನೂನು.
ಮೈದಾ ಕಾಲು ಚಾಚಿ ಕೂತಿದೆ,
ಪಕ್ಕದಲ್ಲಿ ಸಕ್ಕರೆ, ಅದಕ್ಕೆ ಒರಗಿ ತಾಳೆ ಎಣ್ಣೆ.
ಹಿಂದಿನ ಸಾಲಿನಲ್ಲಿ ಇನ್ವರ್ಟ್ ಸಿರಪ್ಪು,
ಕಿಟಕಿ ಬಳಿ ಗ್ಲೂಕೋಸು.
ಬೇರೆ ಬೇರೆ ಟಿಕೆಟ್ಟು ಕೇಳುತ್ತಾರೆ,
ಮುಖ ನೋಡಿದರೆ ಸಕ್ಕರೆಯ ಮನೆಯವರೇ.
ರಾಗಿ ಎಲ್ಲಿ ಎಂದು ಬಗ್ಗಿ ಹುಡುಕಿದರೆ
ಫುಟ್‌ಬೋರ್ಡಿನಲ್ಲಿ, ಒಂಟಿ ಕಾಲಲ್ಲಿ, ಶೇಕಡಾ ನಾಲ್ಕು.

ಮೂಲೆಯಲ್ಲೊಂದು ಹಸಿರು ಮುದ್ರೆ: ‘ಕೊಲೆಸ್ಟರಾಲ್ ಸೊನ್ನೆ’.
ಸೊನ್ನೆ ರೂಪಾಯಿಯ ಟಿಕೆಟ್ಟು
ದಿನಕ್ಕೆ ಮುನ್ನೂರು ಹರಿಯುವವಳಿಗೇ ಹೇಳುತ್ತೀರಾ?
ಸೊನ್ನೆ ಕೊಟ್ಟರೂ ಬಸ್ಸು ತುಂಬುತ್ತದೆ.

‘ಒಂದು ಸಲಕ್ಕೆ ಎರಡು ಬಿಸ್ಕತ್ತು’ ಅಂತೆ.
ಬರೆದ ಪುಣ್ಯಾತ್ಮ
ಶಾಲೆಯಿಂದ ಬಂದ ಮೋನಿಶನನ್ನು ಕಂಡಿಲ್ಲ.

‘ಎಂಥ ಮೋಳೇ, ಪರೀಕ್ಷೆಗೆ ಓದುವುದಾ?’
ಕಾಕ ಮೊಬೈಲಿನ ಟಾರ್ಚು ಹಿಡಿಯುತ್ತಾನೆ.
ಸೀಟಿನ ಕಥೆ ಹೇಳಿದೆ. ನಕ್ಕ.
ಆಮೇಲೆ ನಗಲಿಲ್ಲ.
‘ಮೂವತ್ತು ವರ್ಷ ಮಾರಿದ್ದೇನೆ, ಒಂದನ್ನೂ ಓದಿಲ್ಲ.
ಮೊನ್ನೆ ರಕ್ತ ಕೊಟ್ಟೆ. ಇನ್ನೂರ ಎಂಬತ್ತು.’

ಇಬ್ಬರೂ ಸೇರಿ ಕಪಾಟು ಓದಿದೆವು.
ಹುರಿಗಡಲೆ: ಕಡಲೆ ಮಾತ್ರ.
ಕಡಲೆಕಾಯಿ: ಉಪ್ಪು ಬಾಗಿಲ ಬಳಿ, ಪರವಾಗಿಲ್ಲ.
ಹಣ್ಣಿನ ಚಿತ್ರವಿದ್ದ ಜ್ಯೂಸಿನಲ್ಲಿ
ಹಣ್ಣು ಮುಂದಿನ ಸ್ಟಾಪಿನಲ್ಲಿ ಇಳಿಯುವಷ್ಟೇ.
ಗಿರಾಕಿಗಳು ಕಾದರು. ಒಬ್ಬಾಕೆ ತನ್ನ ಕೈಯದನ್ನು ತಿರುಗಿಸಿ ನೋಡಿ,
ಆದರೂ ಕೊಂಡು ಹೋದಳು.

ಗಲ್ಲದ ಕೆಳಗಿಂದ ಕಾಕ ಎಳೆದದ್ದು
ತಂಬುಟ್ಟಿನ ಹಿಟ್ಟು, ಮರಗೋಡಿನ ಹೆಂಗಸರ ಸಂಘದ್ದು.
ಚೀಟಿಯಲ್ಲಿ ಕೈಬರಹ: ಕುಸುಬಲಕ್ಕಿ, ಮೆಂತ್ಯ, ಏಲಕ್ಕಿ.
ಮೂವರೇ. ಎಲ್ಲರಿಗೂ ಸೀಟು.
ನಮ್ಮವರದೆಂದು ಬಿಡಲಿಲ್ಲ, ತಾರೀಕು ನೋಡಿದೆ.
ಇನ್ನೂ ಐದು ವಾರ.

ಬಾಳೆಹಣ್ಣು ಕಿವುಚಿ ಕಲಸಿದರಾಯಿತು, ಒಲೆ ಬೇಡ.
ದೊಡ್ಡವಳು ಕಲಸಿದಳಂತೆ. ಮೋನಿಶ ಕೇಳಿದನಂತೆ:
‘ಹುತ್ತರಿ ಇವತ್ತಾ?’

ಶುಕ್ರವಾರದ ಚಿಪ್ಸು ಮಾತ್ರ ನಿಂತಿಲ್ಲ. ಅದು ಒಪ್ಪಂದ.
ಮೊನ್ನೆ ಬೋಯಿಕೇರಿಯ ತಿರುವಿನಲ್ಲಿ, ಬಸ್ಸು ತುಂಬಿ ತುಳುಕುವಾಗ
ಫೋನು: ‘ಅಮ್ಮಾ, ಇದರಲ್ಲಿ ಎಣ್ಣೆ ಎರಡನೇ ಸೀಟಿನಲ್ಲಿದೆ.’
‘ಓದಿದೆಯಲ್ಲ, ಜಾಣ.’
‘ತಿಂದೂ ಆಯ್ತು.’

ಕೊಡಗರಹಳ್ಳಿಯವರು ಇಳಿದರು.
ಸೀಟಿ ಊದಿದೆ.
ಹೋಗಲಿ, ರೈಟ್.